ಎಳೆದರೆ ಡಿಸ್ಕ್ ಒಳಗೆ ಹೋಗುತ್ತದಾ?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಒಂದು ಹಳ್ಳಿ. ಅಪ್ಪನಿಗೆ 54 ವರ್ಷ, ತೂಕ 60 ಕೆ.ಜಿ. ಎಸ್ಟೇಟಿನಲ್ಲಿ ಜೀಪ್ ಓಡಿಸುತ್ತಾರೆ. ಐದು ವಾರದ ಹಿಂದೆ ಗೊಬ್ಬರದ ಮೂಟೆ ಇಳಿಸುವಾಗ ಸೊಂಟ ಹಿಡಿಯಿತು. ಈಗ ನೋವು ಬಲಗಾಲಿಗೆ ಇಳಿದಿದೆ. ಹೆಬ್ಬೆರಳಿನ ಹತ್ತಿರ ಜೋಮು. ಎಂ.ಆರ್.ಐ. ಮಾಡಿಸಿದೆವು. ಎಲ್4-ಎಲ್5 ಡಿಸ್ಕ್, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಮೆತ್ತೆ, ಉಬ್ಬಿ ನರಕ್ಕೆ ಒತ್ತಿದೆ ಎಂದು ಬಂತು. ಡಾಕ್ಟರು ಮಾತ್ರೆ ಕೊಟ್ಟು, ಹಾಸನಕ್ಕೆ ಹೋಗಿ ಹತ್ತು ದಿನ ಟ್ರ್ಯಾಕ್ಷನ್ (ಸೊಂಟ ಎಳೆಯುವ ಚಿಕಿತ್ಸೆ) ಹಾಕಿಸಿ ಅಂದರು. ಅಪ್ಪ ಒಪ್ಪುತ್ತಿಲ್ಲ. ಇಪ್ಪತ್ತು ವರ್ಷದ ಹಿಂದೆ ಅಜ್ಜಿ ಬಚ್ಚಲಲ್ಲಿ ಜಾರಿ ತೊಡೆ ಮೂಳೆ ಮುರಿದುಕೊಂಡಾಗ ಕಾಲಿಗೆ ಭಾರ ಕಟ್ಟಿ ತಿಂಗಳುಗಟ್ಟಲೆ ಮಲಗಿಸಿದ್ದರಂತೆ. ಬೆನ್ನೆಲ್ಲ ಹುಣ್ಣಾಗಿ ಅಜ್ಜಿ ಮತ್ತೆ ಏಳಲೇ ಇಲ್ಲ. ‘ನನಗೂ ಅದನ್ನೇ ಮಾಡ್ತಾರೆ’ ಅಂತ ಅಪ್ಪನ ಭಯ. ಮಾವ ಹೇಳುವುದು ಬೇರೆ. ಇಬ್ಬರು ಕಂಕುಳು ಹಿಡಿದು, ಇಬ್ಬರು ಕಾಲು ಹಿಡಿದು ಜೋರಾಗಿ ಎಳೆದರೆ ಡಿಸ್ಕ್ ತಾನಾಗಿ ಒಳಗೆ ಹೋಗುತ್ತಂತೆ. ಡಿಸೆಂಬರ್ ಕುಯ್ಲಿನ ಹೊತ್ತಿಗೆ ಅಪ್ಪ ಜೀಪ್ ಹತ್ತಲೇಬೇಕು. ನಾವು ಏನು ಮಾಡಲಿ? ಇನ್ನೊಂದು, ಅಪ್ಪನೇ ಕೇಳು ಅಂದದ್ದು. ಜೀಪಿಗೆ ಟ್ರ್ಯಾಕ್ಷನ್ ಅಂದರೆ ಟೈರಿನ ಹಿಡಿತ. ಆಸ್ಪತ್ರೆಯಲ್ಲಿ ಎಳೆಯೋದು. ಹಿಡಿಯೋದಕ್ಕೂ ಎಳೆಯೋದಕ್ಕೂ ಒಂದೇ ಹೆಸರು ಹೇಗೆ?

ಉತ್ತರ: ಮಿಕ್ಕಿದ್ದಕ್ಕೆಲ್ಲ ಮುಂಚೆ ಅಪ್ಪನನ್ನು ನಾಲ್ಕು ವಿಷಯ ಕೇಳಿ. ಮೂತ್ರ ಕಟ್ಟಿದೆಯಾ, ಅಥವಾ ಗೊತ್ತಿಲ್ಲದೆ ಹೋಗುತ್ತದಾ? ಮಲ ತಡೆಯಲು ಆಗುತ್ತಿಲ್ಲವಾ? ಕೂತರೆ ಸೀಟಿಗೆ ತಾಗುವ ಜಾಗ, ತೊಡೆಯ ಸಂದಿ, ಗುದದ ಸುತ್ತ ಸ್ಪರ್ಶವೇ ತಿಳಿಯುತ್ತಿಲ್ಲವಾ? ಎರಡೂ ಕಾಲಿನ ಬಲ ಒಟ್ಟಿಗೆ ಕುಸಿಯುತ್ತಿದೆಯಾ? ಇದರಲ್ಲಿ ಒಂದಕ್ಕೆ ‘ಹೌದು’ ಅಂದರೂ ಈ ಉತ್ತರ ಮುಂದೆ ಓದಬೇಡಿ. ಇವತ್ತೇ, ರಾತ್ರಿಯಾಗಿದ್ದರೂ ಸರಿ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಸೊಂಟದ ಕೆಳಗಿನ ನರಗಳ ಗೊಂಚಲು ಪೂರ್ತಿ ಒತ್ತಿಹೋದಾಗ ಹೀಗಾಗುತ್ತದೆ. ಅಲ್ಲಿ ಲೆಕ್ಕ ಗಂಟೆಗಳದ್ದು.

ಇಲ್ಲ ಅಂದರೆ ನಿಧಾನವಾಗಿ ಮಾತಾಡೋಣ. ನಾನು ಹಾಸನದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಅದಕ್ಕೆ ಮುಂಚೆ ಕೆಲವು ವರ್ಷ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿದ್ದೆ. ನಿಮ್ಮಜ್ಜಿಗೆ ಕಟ್ಟಿದಂಥ ಭಾರವನ್ನು ಅಲ್ಲಿ ದಿನಾ ನೋಡಿದ್ದೇನೆ. ಅಪ್ಪನಿಗೆ ಹೇಳಿರುವ ಮೆಷಿನ್ ನನ್ನ ಕ್ಲಿನಿಕ್ಕಿನಲ್ಲೂ ಇದೆ.

ಅಪ್ಪನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಉಳಿದ ಪ್ರಶ್ನೆಗಳ ಬೀಗದ ಕೈ ಅಲ್ಲೇ ಇದೆ.

ಟ್ರ್ಯಾಕ್ಷನ್ ಎಂಬ ಪದ ಲ್ಯಾಟಿನ್ ಭಾಷೆಯದು. ಮೂಲದ ಅರ್ಥ ಎಳೆಯುವುದು, ಅಷ್ಟೇ. ನೇಗಿಲು ಎಳೆಯುವ ಟ್ರ್ಯಾಕ್ಟರಿಗೂ ಅದೇ ಬೇರು. ಹಾಗಾದರೆ ಜೀಪಿನಲ್ಲಿ ‘ಹಿಡಿತ’ ಎಲ್ಲಿಂದ ಬಂತು? ಎಂಜಿನ್ ಚಕ್ರವನ್ನು ತಿರುಗಿಸುತ್ತದೆ. ಚಕ್ರ ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ನೆಲ ಜಾರದೆ ನಿಂತರೆ ಮಾತ್ರ ಜೀಪ್ ಮುಂದಕ್ಕೆ ಎಳೆದುಕೊಳ್ಳುತ್ತದೆ. ಹಿಡಿತ ಎಷ್ಟೋ ಎಳೆತವೂ ಅಷ್ಟೇ. ಎಂಜಿನ್ನಿಗೆ ಎಷ್ಟೇ ಶಕ್ತಿ ಇರಲಿ, ಟೈರು ಮತ್ತು ನೆಲದ ನಡುವಿನ ಉಜ್ಜುವಿಕೆ, ಅಂದರೆ ಘರ್ಷಣೆ, ಎಷ್ಟು ಬಿಡುತ್ತದೋ ಅದಕ್ಕಿಂತ ಜಾಸ್ತಿ ಎಳೆಯಲು ಆಗುವುದಿಲ್ಲ. ಒಣ ಟಾರು ರಸ್ತೆಯಲ್ಲಿ ಟೈರಿನ ಮೇಲೆ 100 ಕೆ.ಜಿ. ಭಾರ ಇದ್ದರೆ ಹೆಚ್ಚುಕಮ್ಮಿ 70-80 ಕೆ.ಜಿ.ಯಷ್ಟು ಎಳೆತ ಸಿಗುತ್ತದೆ. ರಸ್ತೆ ನೆನೆದರೆ ಅದು 40-50ಕ್ಕೆ ಇಳಿಯುತ್ತದೆ. ಎಸ್ಟೇಟಿನ ಕೆಸರಿನಲ್ಲಿ ಇನ್ನೂ ಕಡಿಮೆ.

ಇದನ್ನು ನಿಮ್ಮಪ್ಪನಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ಟೈರಿಗೆ ಚೈನ್ ಕಟ್ಟುವವರು ಅವರು. ಚಕ್ರ ಒಂದು ಸಲ ಸುಮ್ನೆ ತಿರುಗೋಕೆ ಶುರುವಾದರೆ ಆಕ್ಸಿಲರೇಟರ್ ಒತ್ತಬಾರದು, ಬಿಡಬೇಕು ಎಂದು ಅವರ ಕಾಲಿಗೇ ಗೊತ್ತು. ನಿಂತ ಹಿಡಿತಕ್ಕಿಂತ ಜಾರುವಾಗಿನ ಹಿಡಿತ ಕಡಿಮೆ, ಅದಕ್ಕೇ ಹಾಗೆ. ನಿಮ್ಮೂರಿನ ಪಕ್ಕದಲ್ಲೇ ಇದರ ದೊಡ್ಡ ಪಾಠ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ ಇಳಿಯುವ ರೈಲು ದಾರಿಯಲ್ಲಿ 57 ಸುರಂಗಗಳಿವೆ. ಏರು 50 ಅಡಿಗೆ 1 ಅಡಿ. ಜೀಪಿಗೆ ಇದು ಏರೇ ಅಲ್ಲ. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಬಹಳ ಕಡಿಮೆ. ಅದಕ್ಕೇ ಮೇಲೆ ಬರುವ ರೈಲಿಗೆ ಹೆಚ್ಚಿನ ಎಂಜಿನ್ ಕೊಡುತ್ತಾರೆ. ಹಳಿಯ ಮೇಲೆ ಗಾಲಿ ಜಾರಿದರೆ ಅದರ ಮುಂದೆ ಮರಳು ಉದುರಿಸುತ್ತಾರೆ. ರೈಲ್ವೆಯವರ ಬಾಯಲ್ಲಿ ಆ ಎಳೆತಕ್ಕೂ ಟ್ರ್ಯಾಕ್ಷನ್ ಅಂತಲೇ ಹೆಸರು.

ಈಗ ಅದೇ ಲೆಕ್ಕವನ್ನು ಆಸ್ಪತ್ರೆಯ ಮಂಚಕ್ಕೆ ತನ್ನಿ. ಜೀಪಿಗೆ ಘರ್ಷಣೆ ಇದ್ದರೆ ಎಳೆತ. ಮಂಚದ ಮೇಲೆ ಉಲ್ಟಾ. ಅಲ್ಲಿ ಘರ್ಷಣೆ ಎಳೆತವನ್ನು ತಿಂದುಹಾಕುತ್ತದೆ. ನಿಮ್ಮಪ್ಪನ ತೂಕ 60 ಕೆ.ಜಿ. ಸೊಂಟದಿಂದ ಕೆಳಗಿನ ದೇಹ ಅದರಲ್ಲಿ ಅರ್ಧ, ಸುಮಾರು 30 ಕೆ.ಜಿ. ಹಾಸಿಗೆಯ ಮೇಲೆ ಅದನ್ನು ಸುಮ್ಮನೆ ಜರುಗಿಸಲಿಕ್ಕೇ ಅದರ ಅರ್ಧದಷ್ಟು ಬಲ ಬೇಕು. ಅಂದರೆ 15 ಕೆ.ಜಿ. ಮೈ ಜರುಗಲಿಕ್ಕೇ ಖರ್ಚಾಯಿತು. ಬೆನ್ನುಮೂಳೆಗೆ ಇನ್ನೂ ಒಂದು ಗ್ರಾಂ ಎಳೆತವೂ ಮುಟ್ಟಿಲ್ಲ! ಕೆಲವು ಕಡೆ ಸೊಂಟಕ್ಕೆ ಬೆಲ್ಟ್ ಕಟ್ಟಿ, ಮಂಚದ ತುದಿಯಲ್ಲಿ ಐದು ಕೆ.ಜಿ. ತೂಗಿಬಿಟ್ಟು ದಿನವಿಡೀ ಮಲಗಿಸುತ್ತಿದ್ದರು. ಅದರಿಂದ ಡಿಸ್ಕಿಗೆ ಏನೂ ಆಗುತ್ತಿರಲಿಲ್ಲ. ರೋಗಿ ಮಂಚ ಬಿಟ್ಟು ಏಳುತ್ತಿರಲಿಲ್ಲ, ಅಷ್ಟೇ. ಅದಕ್ಕಾಗಿಯೇ ಈಗಿನ ಟ್ರ್ಯಾಕ್ಷನ್ ಮಂಚ ಎರಡು ಭಾಗವಾಗಿರುತ್ತದೆ. ಎದೆಯ ಭಾಗ ನಿಂತಿರುತ್ತದೆ, ಸೊಂಟದ ಭಾಗ ಗಾಲಿಯ ಮೇಲೆ ಜಾರುತ್ತದೆ. ಘರ್ಷಣೆ ಹೋಯಿತು, ಎಳೆತ ಬೆನ್ನಿಗೆ ತಲುಪಿತು. ಮಂಚ ಎರಡು ಭಾಗವಾಗಿಲ್ಲದ ಕಡೆ ಟ್ರ್ಯಾಕ್ಷನ್‌ಗೆ ದುಡ್ಡು ಕೊಡಬೇಡಿ.

ಇನ್ನೊಂದು ಮಾತು. ಬೇಲೂರಿನ ತೇರನ್ನು ನೆನೆಸಿಕೊಳ್ಳಿ. ತೇರು ಭಾರವಾಗಿ ನಿಂತಿರುವುದರಿಂದ ಹಗ್ಗ ಬಿಗಿಯುತ್ತದೆ. ಹಗ್ಗದ ಆ ತುದಿ ಬಿಚ್ಚಿದ್ದರೆ ಎಳೆಯುವವರೆಲ್ಲ ಮುಗ್ಗರಿಸುತ್ತಾರೆ, ಅಲ್ವಾ? ಎಳೆತಕ್ಕೆ ಎದುರಾಗಿ ಏನೋ ಒಂದು ಹಿಡಿದಿರಲೇಬೇಕು. ಮೆಷಿನ್ನಿನಲ್ಲಿ ಎದೆಗೆ ಕಟ್ಟುವ ಬೆಲ್ಟ್ ಆ ಕೆಲಸ ಮಾಡುತ್ತದೆ. ವಾರ್ಡಿನಲ್ಲಿ ಕಾಲಿಗೆ ಭಾರ ಕಟ್ಟಿದಾಗ ಮಂಚದ ಕಾಲಿನ ಕಡೆಗೆ ದಿಮ್ಮಿ ಕೊಟ್ಟು ಎತ್ತರಿಸುತ್ತಿದ್ದೆವು. ರೋಗಿಯ ಮೈಭಾರವೇ ತಲೆಯ ಕಡೆಗೆ ಎಳೆಯಲಿ ಎಂದು.

ಈಗ ಅಜ್ಜಿಯ ವಿಷಯ. ಇದನ್ನು ಅಪ್ಪನ ಪಕ್ಕ ಕೂತು ಓದಿ ಹೇಳಿ.

ತೊಡೆಯ ಮೂಳೆಯ ಸುತ್ತ ಇರುವ ಮಾಂಸ ತುಂಬಾ ಬಲವಾದದ್ದು. ಮೂಳೆ ಮುರಿದ ತಕ್ಷಣ ಅದು ಸೆಟೆದುಕೊಂಡು ಮುರಿದ ತುದಿಗಳನ್ನು ಒಂದರ ಮೇಲೊಂದು ಹತ್ತಿಸುತ್ತದೆ. ಕಾಲು ಗಿಡ್ಡವಾಗುತ್ತದೆ. ಪ್ರಾಣ ಹೋಗುವಂಥ ನೋವು. ಭಾರ ಕಟ್ಟಿ ನಿಧಾನವಾಗಿ ಎಳೆದರೆ ಮಾಂಸ ಸೋತು ಸಡಿಲವಾಗುತ್ತದೆ, ಮೂಳೆ ನೇರಕ್ಕೆ ಬರುತ್ತದೆ. ಇದು ನಿಜವಾದ ಚಿಕಿತ್ಸೆ. ಮೊದಲ ಮಹಾಯುದ್ಧದಲ್ಲಿ ತೊಡೆಗೆ ಗುಂಡು ಬಿದ್ದ ಸೈನಿಕರು ದಂಡುದಂಡಾಗಿ ಸಾಯುತ್ತಿದ್ದರು. ಹ್ಯೂ ಓವನ್ ಥಾಮಸ್ ಎಂಬ ವೈದ್ಯ ಅದಕ್ಕೆ ಬಹಳ ಮೊದಲೇ ಒಂದು ಕಬ್ಬಿಣದ ಚೌಕಟ್ಟು ಮಾಡಿದ್ದರು. ಅದರಲ್ಲಿ ಕಾಲನ್ನು ಎಳೆದು ಕಟ್ಟಬಹುದು. ಅವರ ಸೋದರಳಿಯ ರಾಬರ್ಟ್ ಜೋನ್ಸ್ ಅದನ್ನು ಯುದ್ಧಭೂಮಿಗೆ ಒಯ್ದ ಮೇಲೆ ಎಷ್ಟೋ ಜೀವ ಉಳಿದವು. ಇವತ್ತಿಗೂ ಆಂಬುಲೆನ್ಸಿನಲ್ಲಿ, ಕ್ಯಾಶುವಾಲಿಟಿಯಲ್ಲಿ ಆ ಥಾಮಸ್ ಸ್ಪ್ಲಿಂಟ್ ಕಾಣುತ್ತದೆ.

ಆದರೆ ಅದರ ಬೆಲೆ ದೊಡ್ಡದು. ಮೂಳೆ ಕೂಡುವವರೆಗೆ ವಾರಗಟ್ಟಲೆ ಅಂಗಾತ ಮಲಗಬೇಕು. ವಯಸ್ಸಾದವರಿಗೆ ಬೆನ್ನಲ್ಲಿ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ರಕ್ತದ ಹೆಪ್ಪು. ನಿಮ್ಮಜ್ಜಿಯನ್ನು ತೆಗೆದುಕೊಂಡು ಹೋದದ್ದು ಎಳೆತ ಅಲ್ಲ. ಮಲಗಿದಲ್ಲೇ ಇದ್ದದ್ದು. ವಾರ್ಡಿನಲ್ಲಿ ನಾನು ಕಂಡ ಒಂದು ದೃಶ್ಯ ಇನ್ನೂ ಕಣ್ಣಲ್ಲಿದೆ. ಒಬ್ಬ ಮುದುಕಿಯ ಮಗಳು ತಾಯಿ ನರಳುವುದು ನೋಡಲಾರದೆ, ತೂಗುತ್ತಿದ್ದ ಭಾರದ ಕೆಳಗೆ ಸ್ಟೂಲ್ ಇಟ್ಟಿದ್ದಳು. ಭಾರ ಸ್ಟೂಲಿನ ಮೇಲೆ ಕೂತಿತ್ತು, ಹಗ್ಗ ಸಡಿಲವಾಗಿತ್ತು. ಒಂದು ಹಗಲು ಪೂರ್ತಿ ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಮಲಗಿದ ಕಷ್ಟವನ್ನೆಲ್ಲ ಆ ತಾಯಿ ಅನುಭವಿಸಿದ್ದರು, ಎಳೆತದ ಲಾಭ ಮಾತ್ರ ಸಿಕ್ಕಿರಲಿಲ್ಲ. ಆ ಮಗಳಿಗೆ ಯಾರಾದರೂ ಎರಡು ನಿಮಿಷ ಕೂತು ಹೇಳಿದ್ದರೆ ಸಾಕಿತ್ತು. ಆ ದಿನದಿಂದ ಭಾರ ಯಾಕೆ ತೂಗಬೇಕು ಎಂದು ಮನೆಯವರಿಗೆ ಹೇಳದೆ ನಾನು ಮಂಚದ ಹತ್ತಿರದಿಂದ ಏಳುವುದಿಲ್ಲ.

ಈಗ ಹಾಗೆ ತಿಂಗಳುಗಟ್ಟಲೆ ಮಲಗಿಸುವುದು ಅಪರೂಪ. ತೊಡೆಮೂಳೆಯ ಒಳಗೆ ರಾಡ್ ಹಾಕುವ ಆಪರೇಷನ್ ಬಂದ ಮೇಲೆ ಒಂದೆರಡು ದಿನದಲ್ಲೇ ಎಬ್ಬಿಸಿ ಕೂರಿಸುತ್ತೇವೆ. ಕಾಲಿಗೆ ಭಾರ ಕಟ್ಟುವುದು ಹೆಚ್ಚಾಗಿ ಆಪರೇಷನ್ನಿಗೆ ಮುಂಚಿನ ಒಂದೆರಡು ದಿನ ಮಾತ್ರ. ಇಲ್ಲವೇ ಚಿಕ್ಕ ಮಕ್ಕಳಿಗೆ. ನಿಮ್ಮಪ್ಪನಿಗೆ ಹೇಳಿರುವುದು ಇದ್ಯಾವುದೂ ಅಲ್ಲ. ಅವರ ಮೂಳೆ ಮುರಿದಿಲ್ಲ. 15-20 ನಿಮಿಷ ಮಂಚದಲ್ಲಿ ಮಲಗಿ, ಎದ್ದು, ಮನೆಗೆ ಬರುತ್ತಾರೆ.

ಹಾಗಾದರೆ ಆ ಇಪ್ಪತ್ತು ನಿಮಿಷದಿಂದ ಡಿಸ್ಕ್ ಒಳಗೆ ಹೋಗುತ್ತದಾ? ಇಲ್ಲ. ‘ಡಿಸ್ಕ್ ಜಾರಿದೆ’ ಅನ್ನುವ ಮಾತೇ ದಾರಿ ತಪ್ಪಿಸುತ್ತದೆ. ಅದು ಎರಡು ಮೂಳೆಗಳ ನಡುವೆ ಇಟ್ಟ ವಾಷರ್ ಅಲ್ಲ. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಹೊರಗೆ ಪದರಪದರ ನಾರು, ಒಳಗೆ ಲೋಳೆಯಂಥ ತಿರುಳು. ಹೊರಗಿನ ನಾರು ಸವೆದ ಕಡೆ ತಿರುಳು ಒತ್ತಿ ಉಬ್ಬುತ್ತದೆ, ಹಳೆಯ ಟೈರಿನ ಪಕ್ಕ ಉಬ್ಬುವಂತೆ. ಅಪ್ಪನಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಆದರೆ ಒಂದು ವ್ಯತ್ಯಾಸ ಇದೆ, ಅದು ಸಂತೋಷದ್ದು. ಉಬ್ಬಿದ ಟೈರು ತಾನಾಗಿ ಸರಿಹೋಗುವುದಿಲ್ಲ. ಹೊರಬಂದ ಡಿಸ್ಕ್ ತಿರುಳನ್ನು ದೇಹವೇ ಕರಗಿಸಿ ಹೀರಿಕೊಳ್ಳುತ್ತದೆ, ಬಹಳ ಜನರಲ್ಲಿ. ಕಾಲಿಗೆ ಇಳಿದ ನೋವು ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದಲ್ಲಿ ತಗ್ಗುವುದಕ್ಕೆ ಇದೂ ಒಂದು ಕಾರಣ. ನಿಮ್ಮಪ್ಪನಿಗೆ ಆಗಿರುವುದು ಐದು ವಾರ.

ಎಂ.ಆರ್.ಐ. ಚೀಟಿ ನೋಡಿ ಹೆದರುವವರಿಗೆ ಇದನ್ನೂ ಹೇಳುತ್ತೇನೆ. ಬೆನ್ನುನೋವೇ ಇಲ್ಲದ ಜನರಿಗೆ ಸ್ಕ್ಯಾನ್ ಮಾಡಿದ ಹಲವು ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದರು. 50 ವರ್ಷದವರಲ್ಲಿ ನೂರಕ್ಕೆ 60 ಜನರ ಡಿಸ್ಕ್ ಉಬ್ಬಿತ್ತು. ಅವರಿಗೆ ನೋವೇ ಇರಲಿಲ್ಲ! ನಿಮ್ಮಪ್ಪನ ನೋವು ನಿಜ, ಜೋಮು ಸರಿಯಾಗಿ ಆ ನರದ ದಾರಿಯಲ್ಲೇ ಇದೆ. ಆದರೆ ಉಬ್ಬು ಪೂರ್ತಿ ಹೋದರೆ ಮಾತ್ರ ವಾಸಿ ಎಂದು ತಿಳಿಯಬೇಡಿ. ನರದ ಸುತ್ತಲಿನ ಊತ ಇಳಿದರೆ ಸಾಕು, ಮನುಷ್ಯ ಎದ್ದು ಓಡಾಡುತ್ತಾನೆ.

ಟ್ರ್ಯಾಕ್ಷನ್ ಮಾಡುವಾಗ ಮೂಳೆಗಳ ನಡುವಿನ ಜಾಗ ಸ್ವಲ್ಪ ಅಗಲವಾಗುವುದು ನಿಜ. ಒಂದೆರಡು ಮಿಲಿಮೀಟರಿನ ಮಾತು. ಕೆಲವರಿಗೆ ಮಂಚದ ಮೇಲಿರುವಷ್ಟು ಹೊತ್ತು ‘ಅಬ್ಬಾ’ ಅನ್ನಿಸುತ್ತದೆ. ಎದ್ದು ನಿಂತಾಗ ಮೈಭಾರ ಮತ್ತೆ ಬೀಳುತ್ತದೆ. ಸ್ವಲ್ಪ ಮಟ್ಟಿಗೆ ಆ ಅಗಲ ರಾತ್ರಿ ಸುಮ್ಮನೆ ಮಲಗಿದಾಗಲೂ ಸಿಗುತ್ತದೆ. ಬೆಳಿಗ್ಗೆ ಏಳುವಾಗ ನಾವೆಲ್ಲ ಸಂಜೆಗಿಂತ ಒಂದೆರಡು ಸೆಂಟಿಮೀಟರ್ ಎತ್ತರ ಇರುತ್ತೇವೆ. ಡಿಸ್ಕ್ ನೀರು ಕುಡಿದು ಹಿಗ್ಗಿರುತ್ತದೆ. ಅದಕ್ಕೇ ಎದ್ದ ಮೊದಲ ಒಂದು ಗಂಟೆ ಬಗ್ಗಿ ಭಾರ ಎತ್ತಬಾರದು. ಬಚ್ಚಲೊಲೆಗೆ ಸೌದೆ ತುಂಬುವುದನ್ನು ಕೆಲವು ದಿನ ನೀವೇ ಮಾಡಿ.

ಉಪಯೋಗ ಎಷ್ಟು ಎಂಬುದಕ್ಕೆ ಲೆಕ್ಕವೂ ಇದೆ. ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ತಂಡ 2013ರಲ್ಲಿ 32 ಪ್ರಯೋಗಗಳನ್ನು, 2,762 ರೋಗಿಗಳನ್ನು ಒಟ್ಟಿಗೆ ತೂಗಿ ನೋಡಿತು. ಸೊಂಟನೋವಿಗೆ, ಕಾಲಿಗೆ ಇಳಿಯುವ ನೋವಿಗೂ ಸೇರಿ, ಟ್ರ್ಯಾಕ್ಷನ್ನಿನಿಂದ ಆಗುವ ಲಾಭ ಇಲ್ಲ ಅನ್ನುವಷ್ಟು ಕಡಿಮೆ ಎಂದು ಹೇಳಿತು. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ನೈಸ್, 2016ರಲ್ಲಿ ಸೊಂಟನೋವಿಗೆ ಟ್ರ್ಯಾಕ್ಷನ್ ಕೊಡಬೇಡಿ ಎಂದೇ ಬರೆಯಿತು. ಮೊದಮೊದಲು ಇದನ್ನು ಒಪ್ಪಲು ನನಗೆ ಕಷ್ಟವಾಯಿತು. ನನ್ನ ಹತ್ತಿರ ಬಂದವರಲ್ಲಿ ಎಷ್ಟೋ ಜನ ಹತ್ತು ದಿನ ಮುಗಿಸಿ ಕೈ ಮುಗಿದು ಹೋಗಿದ್ದರು. ಆಮೇಲೆ ಕೂತು ಯೋಚಿಸಿದೆ. ಐದಾರು ವಾರ ನರಳಿ ಬಂದವರಿಗೆ ಆ ಹತ್ತು ದಿನದಲ್ಲಿ ದೇಹ ತಾನಾಗಿಯೂ ಮಾಯಿಸುತ್ತಿತ್ತು. ಯಶಸ್ಸು ನನ್ನ ಮೆಷಿನ್ನಿನ ಲೆಕ್ಕಕ್ಕೆ ಬಂತು. ಈಗ ಅದನ್ನು ಸೊಂಟಕ್ಕೆ ಬಳಸುವುದು ಬಹಳ ಕಡಿಮೆ. ಕುತ್ತಿಗೆಯಿಂದ ಕೈಗೆ ಇಳಿಯುವ ನೋವಿಗೆ, ವ್ಯಾಯಾಮದ ಜೊತೆಗೆ, ಕೆಲವರಿಗೆ ಬಳಸುತ್ತೇನೆ. ಅಲ್ಲಿ ಸ್ವಲ್ಪ ಆಶಾದಾಯಕ ಫಲಿತಾಂಶಗಳಿವೆ.

ಮಾವನಿಗೆ ದಯವಿಟ್ಟು ಬೇಡ ಅನ್ನಿ. ಅವರದು ಪ್ರೀತಿಯ ಮಾತೇ ಇರಬಹುದು. ಆದರೆ ನಾಲ್ಕು ಜನ ಹಿಡಿದು ಜಗ್ಗಿದಾಗ ಬಲ ಎಷ್ಟು, ಎಲ್ಲಿಗೆ ಹೋಗುತ್ತಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಮೆಷಿನ್ ಕೆ.ಜಿ. ಲೆಕ್ಕದಲ್ಲಿ ನಿಧಾನವಾಗಿ ಏರಿಸುತ್ತದೆ. ರೋಗಿಯ ಕೈಯಲ್ಲಿ ನಿಲ್ಲಿಸುವ ಬಟನ್ ಇರುತ್ತದೆ. ಕೈಯಿಂದ ಜಗ್ಗಿದಾಗ ಸಿಗುವುದು ಝಟಕಾ. ಝಟಕಾಕ್ಕೆ ಮಾಂಸ ಇನ್ನಷ್ಟು ಸೆಟೆದುಕೊಳ್ಳುತ್ತದೆ. ಕಂಕುಳಲ್ಲಿ ಹಿಡಿದರೆ ಭುಜದ ನರಕ್ಕೆ ಪೆಟ್ಟು. ಮರದ ಕೊಂಬೆಗೆ ಜೋತು ಬೀಳುವುದು, ಬೆನ್ನು ತುಳಿಸುವುದು ಕೂಡ ಇದೇ ಸಾಲಿನವು.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳೇನು?

ನನ್ನ ಅಪ್ಪ ಆಗಿದ್ದರೆ ಮೊದಲು ನಡೆಸುತ್ತಿದ್ದೆ. ಮನೆ ಅಂಗಳದಲ್ಲೇ ಹತ್ತು ನಿಮಿಷ, ದಿನಕ್ಕೆ ನಾಲ್ಕೈದು ಸಲ. ನೋವು ಸ್ವಲ್ಪ ಇದ್ದರೂ ಪರವಾಗಿಲ್ಲ. ಕಾಲಿನ ನೋವು ಮೇಲಕ್ಕೆ, ಸೊಂಟದ ಕಡೆಗೆ ಸರಿಯುತ್ತಿದ್ದರೆ ಒಳ್ಳೆಯ ಲಕ್ಷಣ. ಸೊಂಟ ಸ್ವಲ್ಪ ನೊಂದರೂ ಹೆದರಬೇಡಿ. ಪಾದದ ಕಡೆಗೆ ಇಳಿಯುತ್ತಿದ್ದರೆ ನಿಲ್ಲಿಸಿ. ಇಡೀ ದಿನ ಮಲಗಬಾರದು. ಡಾಕ್ಟರು ಕೊಟ್ಟ ಮಾತ್ರೆಯನ್ನು ಊಟದ ಮೇಲೆ, ಹೇಳಿದಷ್ಟು ದಿನ ಮಾತ್ರ. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ತೊಂದರೆ. ಬಿ.ಪಿ. ಇದ್ದರೆ ಡಾಕ್ಟರಿಗೆ ತಿಳಿಸಿ. ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಒಂದು ಸಲ ಹೋಗಿ ವ್ಯಾಯಾಮ ಕಲಿತುಬನ್ನಿ, ವಾರಕ್ಕೊಮ್ಮೆ ತೋರಿಸಿ. ದಿನಾ ಬರಬೇಕಿಲ್ಲ. ಸಕಲೇಶಪುರದಿಂದ ಹಾಸನಕ್ಕೆ 40 ಕಿ.ಮೀ. ಹತ್ತಿರ. ಇಪ್ಪತ್ತು ನಿಮಿಷದ ಎಳೆತಕ್ಕೆ ದಿನಾ 80 ಕಿ.ಮೀ. ಬಸ್ಸಿನ ಕುಲುಕಾಟ! ಕೂತಾಗ ಡಿಸ್ಕಿನ ಮೇಲೆ ಬೀಳುವ ಒತ್ತಡ ಮಲಗಿದಾಗಿನದಕ್ಕಿಂತ ಎಷ್ಟೋ ಜಾಸ್ತಿ. ಹೋಗುವಾಗ ಬರುವಾಗಲೇ ಲಾಭವೆಲ್ಲ ಕಳೆದುಹೋಗುತ್ತದೆ.

ಆದರೂ ಟ್ರ್ಯಾಕ್ಷನ್ ನೋಡಿಯೇಬಿಡೋಣ ಅಂದರೆ ಅದು ಪಾಪವೇನಲ್ಲ. ಹತ್ತು ದಿನದ ದುಡ್ಡು ಮೊದಲೇ ಕಟ್ಟಬೇಡಿ. ಮೂರು ಸಲ ಹಾಕಿಸಿ ನೋಡಿ. ಕಾಲಿನ ನೋವು ಕಡಿಮೆಯಾಗಿಲ್ಲ ಅಂದರೆ ಬಿಡಿ, ಜಾಸ್ತಿಯಾದರೆ ಮೊದಲ ದಿನವೇ ಬಿಡಿ. ಮೂಳೆ ಸವೆತ ಜೋರಾಗಿ ಇರುವವರಿಗೆ, ಗರ್ಭಿಣಿಯರಿಗೆ, ಬೆನ್ನುಮೂಳೆಯ ಟಿ.ಬಿ., ಗಡ್ಡೆ ಅಥವಾ ಮುರಿತ ಇದ್ದವರಿಗೆ, ಹತೋಟಿಯಲ್ಲಿಲ್ಲದ ಬಿ.ಪಿ. ಇದ್ದವರಿಗೆ ಹಾಕುವಂತೆಯೇ ಇಲ್ಲ. ಅಪ್ಪನಿಗೆ ಜ್ವರ ಬಂದು ಹೋಗುತ್ತಿದ್ದರೆ, ಸುಮ್ಮನೆ ತೂಕ ಇಳಿಯುತ್ತಿದ್ದರೆ ಅದನ್ನು ಮೊದಲು ಹೇಳಿ.

ನೋವು ನಿದ್ದೆಗೆ ಬಿಡದಿದ್ದರೆ ನರದ ಹತ್ತಿರ ಸ್ಟೀರಾಯ್ಡ್ ಇಂಜೆಕ್ಷನ್ ಒಂದು ದಾರಿ. ಕೆಲವು ವಾರ ನೋವು ತಗ್ಗಬಹುದು. ಸಕ್ಕರೆ ಕಾಯಿಲೆ ಇದ್ದರೆ ಕೆಲವು ದಿನ ಸಕ್ಕರೆ ಏರುತ್ತದೆ. ಅಪರೂಪಕ್ಕೆ ಸೋಂಕು ಆಗುತ್ತದೆ. ಆಪರೇಷನ್ ಹೆಸರು ಕೇಳಿದರೆ ಊರವರೆಲ್ಲ ‘ಕಾಲೇ ಹೋಗುತ್ತೆ’ ಅಂತಾರೆ. ಅದು ನಿಜವಲ್ಲ. ಪಾದದ ಬಲ ಹೋಗುತ್ತಿದ್ದರೆ, ಅಥವಾ ಆರರಿಂದ ಹನ್ನೆರಡು ವಾರ ಕಾದರೂ ಕಾಲಿನ ನೋವು ಬಗ್ಗದಿದ್ದರೆ, ಉಬ್ಬಿದ ಚೂರನ್ನು ತೆಗೆಯುವ ಆಪರೇಷನ್ ಕಾಲಿನ ನೋವನ್ನು ಬೇಗ ಇಳಿಸುತ್ತದೆ. ಸೋಂಕು, ನರದ ಹೊದಿಕೆ ಹರಿಯುವುದು, ಅದೇ ಜಾಗದಲ್ಲಿ ಮತ್ತೆ ಉಬ್ಬುವುದು, ಇವು ಅದರ ಅಪಾಯಗಳು. ಬಲ ಸರಿಯಾಗಿದ್ದು, ನೋವನ್ನು ತಾಳಿಕೊಳ್ಳಬಹುದಾದರೆ ಕಾಯುವುದೂ ತಪ್ಪಲ್ಲ. ಒಂದೆರಡು ವರ್ಷದ ಹೊತ್ತಿಗೆ ಮಾಡಿಸಿಕೊಂಡವರಿಗೂ ಮಾಡಿಸದವರಿಗೂ ವ್ಯತ್ಯಾಸ ಬಹಳ ಉಳಿಯುವುದಿಲ್ಲ.

ಕುಯ್ಲಿನ ಬಗ್ಗೆ. ಡಿಸೆಂಬರಿಗೆ ಜೀಪ್ ಹತ್ತುವುದು ಅಸಾಧ್ಯವೇನಲ್ಲ. ಆದರೆ ಅವರ ಬೆನ್ನಿಗೆ ದೊಡ್ಡ ಶತ್ರು ಆ ಸೀಟೇ. ಗಂಟೆಗಟ್ಟಲೆ ಕುಲುಕಾಟದಲ್ಲಿ ಕೂತು, ಇಳಿದ ತಕ್ಷಣ 50 ಕೆ.ಜಿ. ಕಾಫಿ ಮೂಟೆಗೆ ಕೈ ಹಾಕುವುದು ಡಿಸ್ಕಿಗೆ ಅತಿ ಕೆಟ್ಟ ಹೊತ್ತು. ಸೀಟಿನ ಸ್ಪಂಜ್ ಬದಲಿಸಿ. ಮುಕ್ಕಾಲು ಗಂಟೆಗೊಮ್ಮೆ ಇಳಿದು ನಡೆಯಲಿ. ಈ ಕುಯ್ಲಿನಲ್ಲಿ ಓಡಿಸುವುದು ಮಾತ್ರ ಅವರ ಕೆಲಸ, ಮೂಟೆ ಬೇರೆಯವರದ್ದು ಎಂದು ಎಸ್ಟೇಟಿನ ಕೆಲಸ ನೋಡಿಕೊಳ್ಳುವ ರೈಟರ್ ಹತ್ತಿರ ಈಗಲೇ ಮಾತಾಡಿ. ಅಪ್ಪ ಸಂಕೋಚಕ್ಕೆ ಕೇಳಲಾರರು. ನೀವು ಕೇಳಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅಪ್ಪ ಗೋಡೆ ಹಿಡಿದು ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಲಿ. ಆಮೇಲೆ ಕೂತು ಎರಡೂ ಹೆಬ್ಬೆರಳನ್ನು ಮೇಲೆತ್ತಲಿ. ನೀವು ಬೆರಳಿನಿಂದ ಕೆಳಗೆ ಒತ್ತಿ, ಎರಡೂ ಕಡೆ ಬಲ ಸಮ ಇದೆಯಾ ನೋಡಿ. ವಾರಕ್ಕೆ ಎರಡು ಸಲ ಹೀಗೆ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಬಲ ಹಾಗೇ ಇದ್ದು ನೋವು ಇಳಿಯುತ್ತಿದ್ದರೆ ಕಾಯಿರಿ. ಬಲಗಾಲಿನ ಮುಂಭಾಗ ನೆಲಕ್ಕೆ ಸವರುತ್ತಿದ್ದರೆ, ಚಪ್ಪಲಿ ತಾನಾಗಿ ಕಳಚಿ ಬೀಳುತ್ತಿದ್ದರೆ, ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಮೂಳೆ ಡಾಕ್ಟರಿಗೆ ತೋರಿಸಿ.